ಕುದುರೆ ಹೋಗುವಷ್ಟು ದೂರ



ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದವರನ್ನು ಊರಿನವರು ಮೊದಲು ಕೇಳುವುದು, ನಯಾಗರ ನೋಡಿದಿರಾ ಎಂದು. ನೋಡಿದೆ. ಅದು ನೋಡಬೇಕಾದದ್ದೇ. ಆದರೆ ಈ ಹೊತ್ತು ನಾನು ಹೇಳಬೇಕೆಂದುಕೊಂಡಿರುವುದು ಮೂರು ದಿನಗಳ ಒಂದು ಸಣ್ಣ ಪ್ರಯಾಣವನ್ನು. ಆ ಮೂರು ದಿನದಲ್ಲಿ ನಾವು ಹೋದ ದೂರ ಬಹಳವೇನಲ್ಲ. ಬಹುಪಾಲು ನಡೆದು, ಒಂದಿಷ್ಟು ಕುದುರೆಗಾಡಿಯಲ್ಲಿ, ಇನ್ನೊಂದಿಷ್ಟು ಹಬೆಯ ರೈಲಿನಲ್ಲಿ, ಒಮ್ಮೆ ಮಾತ್ರ ಬಾಡಿಗೆ ಕಾರಿನಲ್ಲಿ. ಸ್ಥಳ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಸ್ಟರ್ ಕೌಂಟಿ. ಜನ ಆಮಿಶ್ ರೈತರು.

ಹಿಂದೊಮ್ಮೆ ಇದೇ ಸೀಮೆಯನ್ನು ಕಾರಿನಲ್ಲಿ ಹಾದುಹೋಗಿದ್ದೆ. 30ನೇ ಸಂಖ್ಯೆಯ ಹೆದ್ದಾರಿ. ಎರಡೂ ಕಡೆ ಅಂಗಡಿ, ಹೋಟೆಲು, ಫಲಕ. ಕಿಟಕಿಯಾಚೆ ಒಂದು ಬೂದುಬಣ್ಣದ ಕುದುರೆಗಾಡಿ ಕಂಡಿತು. ಕತ್ತು ತಿರುಗಿಸುವಷ್ಟರಲ್ಲಿ ಹಿಂದಕ್ಕೆ ಸರಿದುಹೋಯಿತು. ಅದರೊಳಗೆ ಕೂತಿದ್ದ ಮಗುವೊಂದರ ಮುಖ ಅರೆಕ್ಷಣ ಕಂಡದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಈ ಸಲ ಫಿಲಡೆಲ್ಫಿಯದ ಮಗಳಿಗೆ ಹೇಳಿದೆ, "ಕಾರು ಬೇಡ ಕಣೇ, ನಡೆದು ನೋಡೋಣ." "ಅಮ್ಮ, ನಿನ್ನ ಮಂಡಿ?" ಅಂದಳು. "ನಿಧಾನ ಅಂದ್ರೆ ಮಂಡಿಗೂ ಇಷ್ಟವೇ" ಅಂದೆ. ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಗ್ಗೆ ರೈಲು ಹತ್ತಿದೆವು. ಫಿಲಡೆಲ್ಫಿಯದಿಂದ ಪಶ್ಚಿಮಕ್ಕೆ ಒಂದೂಕಾಲು ಗಂಟೆಯ ದಾರಿ.

ಇಳಿದವರು ಮೊದಲು ಹೋದದ್ದು ಲ್ಯಾಂಕಸ್ಟರ್ ಪಟ್ಟಣದ ನಡುವಿನ ಸೆಂಟ್ರಲ್ ಮಾರ್ಕೆಟ್ಟಿಗೆ. 1889ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ. ಸಂತೆ ಮಾತ್ರ ಕಟ್ಟಡಕ್ಕಿಂತ ಬಹಳ ಹಳೆಯದು. ಸೇಬು, ಕುಂಬಳ, ಬೀಟ್‌ರೂಟು, ಉಪ್ಪಿನಕಾಯಿಯ ಶೀಸೆಗಳು. ಬಿಳಿಯ ಕುಲಾವಿ ತೊಟ್ಟ ಹೆಂಗಸರು ತಾವೇ ಸುಟ್ಟು ತಂದ ಬ್ರೆಡ್ಡು ಮಾರುತ್ತಿದ್ದರು. ಕಾಕಂಬಿಯ ಹೂರಣ ತುಂಬಿದ 'ಶೂಫ್ಲೈ ಪೈ' ಎಂಬ ತಿಂಡಿ ಕೊಂಡು ತಿಂದೆವು. ಬೆಲ್ಲದ ರುಚಿಗೆ ಅದರಷ್ಟು ಹತ್ತಿರದ್ದನ್ನು ನಾನು ಅಮೆರಿಕದಲ್ಲಿ ಬೇರೆಲ್ಲೂ ತಿಂದಿಲ್ಲ. ಅಲ್ಲಿಂದ ಬರ್ಡ್-ಇನ್-ಹ್ಯಾಂಡ್ ಎಂಬ ಹಳ್ಳಿಯ ಬಳಿ, ಅತಿಥಿಗಳಿಗೆ ಕೋಣೆ ಕೊಡುವ ಒಂದು ತೋಟದ ಮನೆಯಲ್ಲಿ ಗಂಟು ಇಳಿಸಿದೆವು.

ಹೊಲದ ನಡುವಿನ ಕಿರುದಾರಿಗೆ ಇಳಿದ ಮೇಲೆ ಮೊದಲು ತಿಳಿದದ್ದು ಕಿವಿಗೆ. ಟಕ್ ಟಕ್ ಎನ್ನುವ ಲಾಳದ ಸದ್ದು ಬಹು ದೂರದಿಂದಲೇ ಬರುತ್ತಿತ್ತು. ಗಾಡಿ ಕಾಣುವ ಮುಂಚೆ ಸದ್ದು ಬರುತ್ತದೆ; ಹತ್ತಿರ ಬಂದು, ದಾಟಿ, ನಿಧಾನವಾಗಿ ಕರಗುತ್ತದೆ. ಅಷ್ಟು ಹೊತ್ತು ಗಾಡಿಯಲ್ಲಿರುವವರೂ ದಾರಿಯಲ್ಲಿರುವವರೂ ಒಬ್ಬರನ್ನೊಬ್ಬರು ನೋಡಲೇಬೇಕು. ಪ್ರತಿಯೊಬ್ಬರೂ ಕೈ ಎತ್ತಿದರು. ಕಾರಿನಲ್ಲಿ ಹೋದ ಸಲ ಒಬ್ಬರೂ ಕೈ ಎತ್ತಿರಲಿಲ್ಲ. ಎತ್ತಿದ್ದರೂ ನನಗೆ ಕಾಣುತ್ತಿರಲಿಲ್ಲ.

ಗಾಡಿಗೆ ಅಲ್ಲಿ 'ಬಗ್ಗಿ' ಎನ್ನುತ್ತಾರೆ. ಲ್ಯಾಂಕಸ್ಟರಿನ ಬಗ್ಗಿಗಳೆಲ್ಲ ಬೂದುಬಣ್ಣದವು. ಒಹಾಯೊ ರಾಜ್ಯದಲ್ಲಿ ಕಪ್ಪು. ಪೆನ್ಸಿಲ್ವೇನಿಯದಲ್ಲೇ ಇನ್ನೊಂದು ಕಣಿವೆಯಲ್ಲಿ ಹಳದಿ ಹೊದಿಕೆಯವೂ ಬಿಳಿ ಹೊದಿಕೆಯವೂ ಇವೆ. ಹಿಂಬದಿಯಲ್ಲಿ ನಿಧಾನದ ವಾಹನವೆಂದು ಸಾರುವ ಕಿತ್ತಳೆ ಬಣ್ಣದ ತ್ರಿಕೋನ, ಬ್ಯಾಟರಿಯಿಂದ ಉರಿಯುವ ದೀಪ. ಎಳೆಯುವ ಕುದುರೆಗಳಲ್ಲಿ ಎಷ್ಟೋ ರೇಸಿನ ಟ್ರ್ಯಾಕಿನಲ್ಲಿ ಓಡಿ ನಿವೃತ್ತಿಯಾದವು. ಹೊಲದ ಕೆಲಸಕ್ಕೆ ಮಾತ್ರ ಹೇಸರಗತ್ತೆಗಳು. ನಾಲ್ಕೋ ಆರೋ ಹೇಸರಗತ್ತೆಗಳನ್ನು ಸಾಲಾಗಿ ಹೂಡಿ, ಹುಡುಗನೊಬ್ಬ ನಿಂತುಕೊಂಡೇ ಲಗಾಮು ಹಿಡಿದು ಮುಸುಕಿನ ಜೋಳದ ಹೊಲದಲ್ಲಿ ಹೋಗುತ್ತಿದ್ದ. ಎತ್ತು ಕಟ್ಟಿದ ಮನೆಯಲ್ಲಿ ಹುಟ್ಟಿದವಳು ನಾನು. ಸಾಲಿನ ಕೊನೆಯಲ್ಲಿ ಅವನು ಹೇಸರಗತ್ತೆಗಳನ್ನು ತಿರುಗಿಸಿದ ರೀತಿ ನೋಡಿಯೇ ಅವನಿಗೆ ಕೆಲಸ ಕರಗತವಾಗಿದೆ ಎಂದು ಗೊತ್ತಾಯಿತು.

ನೆಲದ ಅಡಿಯಲ್ಲಿ ಸುಣ್ಣಕಲ್ಲು. ಮೇಲೆ ಆಳವಾದ ಫಲವತ್ತಾದ ಮಣ್ಣು. ಮೆಕ್ಕೆಜೋಳ, ಕುದುರೆ ಮಸಾಲೆ ಸೊಪ್ಪು, ಹೊಗೆಸೊಪ್ಪು. ನಾವು ಹೋದಾಗ ಹೊಗೆಸೊಪ್ಪನ್ನು ಕಡ್ಡಿಗೆ ಪೋಣಿಸಿ ಮರದ ಗೋಡೆಯ ಮನೆಗಳಲ್ಲಿ ತೂಗುಹಾಕಿದ್ದರು. ಗಾಳಿಯಾಡಲೆಂದು ಗೋಡೆಯ ಹಲಗೆಗಳು ತೆರೆದುಕೊಂಡಿದ್ದವು. ಕೊಟ್ಟಿಗೆಗಳಂತೂ ಎರಡಂತಸ್ತಿನವು. ದಿಬ್ಬಕ್ಕೆ ಒರಗಿಸಿ ಕಟ್ಟುತ್ತಾರೆ. ಕೆಳಗೆ ದನ, ಮೇಲೆ ಹುಲ್ಲು. ಹುಲ್ಲಿನ ಗಾಡಿ ದಿಬ್ಬದ ಕಡೆಯಿಂದ ನೇರವಾಗಿ ಮೇಲಂತಸ್ತಿಗೇ ಹೋಗಬಹುದು.

ದಾರಿಯ ಬದಿಯಲ್ಲಿ, ಒಂದು ಮನೆಯ ಗೇಟಿನ ಬಳಿ, ಸಣ್ಣ ಮೇಜು. ಅದರ ಮೇಲೆ ಸೇಬಿನ ರಸ ಕುದಿಸಿ ಬತ್ತಿಸಿ ಮಾಡಿದ ಗೊಜ್ಜಿನಂಥ 'ಆ್ಯಪಲ್ ಬಟರ್' ಶೀಸೆಗಳು. ಬೆಲೆ 4 ಡಾಲರ್ ಎಂದು ಕೈಬರಹ. ಪಕ್ಕದಲ್ಲಿ ಹಣ ಹಾಕಲು ಡಬ್ಬಿ. ಮಾರುವವರು ಯಾರೂ ಇಲ್ಲ. ನನ್ನ ಬಳಿ ಇದ್ದದ್ದು 10 ಡಾಲರಿನ ಒಂದೇ ನೋಟು. ಅದನ್ನೇ ಹಾಕಿ ಒಂದು ಶೀಸೆ ತೆಗೆದುಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಸಂಜೆ ಒಂದು ಬಗ್ಗಿಯಲ್ಲಿ ಕೂತೆವು. ಗಾಡಿ ಹೊಡೆಯುತ್ತಿದ್ದವರಿಗೆ 60ರ ಆಸುಪಾಸು. ಎದೆಯವರೆಗೆ ಗಡ್ಡ, ಮೀಸೆ ಇಲ್ಲ. ಹಿಂದೆ ಯುರೋಪಿನಲ್ಲಿ ಮೀಸೆ ಸೈನಿಕರ ಗುರುತಾಗಿತ್ತು. ಯುದ್ಧವನ್ನು ಒಪ್ಪದ ಈ ಜನ ಅದನ್ನು ಬಿಟ್ಟರು ಎನ್ನುತ್ತಾರೆ. ಗಂಟೆಗೆ 12-13 ಕಿಲೋಮೀಟರ್ ವೇಗ. ನಾನು ಕೇಳಿದೆ, "ಅವಸರದ ಕೆಲಸ ಬಂದರೆ ಏನು ಮಾಡುತ್ತೀರಿ?" ಅವರು ಲಗಾಮು ಸಡಿಲಿಸಿ ಹೇಳಿದರು: "ಬೇಗ ಹೊರಡುತ್ತೇವೆ."

ಆ ಎರಡು ಪದವನ್ನು ನಾನು ಆ ರಾತ್ರಿಯೆಲ್ಲ ಯೋಚಿಸಿದೆ. ನಾವು ತಡವಾಗಿ ಹೊರಟು ಬೇಗ ತಲುಪಲು ಯಂತ್ರ ಕಂಡುಹಿಡಿದವರು. ಅವರು ಬೇಗ ಹೊರಟು ದಾರಿಯನ್ನು ಉಳಿಸಿಕೊಂಡವರು.

ಕೇಳುಗರೇ, ಈ ಜನ ಎಲ್ಲಿಂದ ಬಂದರು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. 1525ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವರು, ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯಲ್ಲ, ಬುದ್ಧಿ ಬಲಿತ ಮೇಲೆ ತಾನೇ ಒಪ್ಪಿ ಪಡೆಯಬೇಕು ಎಂದರು. ಆ ಕಾಲಕ್ಕೆ ಅದು ದೊಡ್ಡ ಅಪರಾಧ. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. ಇಂಥ ಸಾವುಗಳು ಮುಂದೆ ನೂರಾರು ನಡೆದವು. 1693ರಲ್ಲಿ ಯಾಕೊಬ್ ಅಮ್ಮಾನ್ ಎಂಬ ಹಿರಿಯರು ಇನ್ನೂ ಕಟ್ಟುನಿಟ್ಟಾದ ಶಿಸ್ತು ಬೇಕೆಂದು ತಮ್ಮ ಗುಂಪಿನೊಂದಿಗೆ ಬೇರೆಯಾದರು. ಅವರ ಹೆಸರಿನಿಂದಲೇ 'ಆಮಿಶ್' ಎಂಬ ಮಾತು ಹುಟ್ಟಿತು. ಅತ್ತ ಅಮೆರಿಕದಲ್ಲಿ ವಿಲಿಯಂ ಪೆನ್ ತನ್ನ ಪ್ರಾಂತದಲ್ಲಿ ಯಾರಿಗೂ ಮತದ ಕಾರಣಕ್ಕೆ ಕಿರುಕುಳವಿಲ್ಲ ಎಂದು ಸಾರಿದ್ದರು. 18ನೇ ಶತಮಾನದ ಮೊದಲ ಭಾಗದಲ್ಲಿ ಆಮಿಶ್ ಕುಟುಂಬಗಳು ಹಡಗು ಹತ್ತಿ ಪೆನ್ಸಿಲ್ವೇನಿಯಕ್ಕೆ ಬಂದವು. ಯುರೋಪಿನಲ್ಲಿ ಉಳಿದ ಅವರ ಕೊನೆಯ ಸಭೆಯೂ 1937ರಲ್ಲಿ ಬೇರೆ ಪಂಗಡದೊಂದಿಗೆ ಸೇರಿಹೋಯಿತು. ಇವತ್ತು ಆಮಿಶ್ ಜನ ಇರುವುದೆಲ್ಲ ಹೆಚ್ಚುಕಡಿಮೆ ಅಮೆರಿಕ ಮತ್ತು ಕೆನಡಾಗಳಲ್ಲೇ. 1900ರಲ್ಲಿ 5-6 ಸಾವಿರವಿದ್ದವರು ಈಗ 3 ಲಕ್ಷ 80 ಸಾವಿರಕ್ಕೂ ಹೆಚ್ಚು. ಅಳಿದುಹೋಗುತ್ತಾರೆ ಎಂದು ಒಂದು ಕಾಲಕ್ಕೆ ಪಂಡಿತರು ಅಂದಾಜಿಸಿದ್ದ ಜನ, ಸುಮಾರು 20 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದಾರೆ.

ಭಾನುವಾರ ಬೆಳಗ್ಗೆ ಮೇಜಿನ ಮೇಲೆ ಶೀಸೆಗಳಿರಲಿಲ್ಲ. ಅಂದು ವ್ಯಾಪಾರವಿಲ್ಲ. ದಾರಿಯ ತುಂಬ ಬಗ್ಗಿಗಳು, ಎಲ್ಲವೂ ಒಂದೇ ಮನೆಯ ಕಡೆಗೆ. ಇವರಿಗೆ ಚರ್ಚಿನ ಕಟ್ಟಡವಿಲ್ಲ. ಎರಡು ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಾರೆ. ಬೆಂಚುಗಳನ್ನು ಹೊತ್ತ ಒಂದು ಗಾಡಿ ಮನೆಯಿಂದ ಮನೆಗೆ ಸಾಗುತ್ತದೆ. ಒಂದು ಸಭೆಯೆಂದರೆ 25ರಿಂದ 40 ಮನೆ. ಮನೆಯಲ್ಲಿ ಹಿಡಿಸದಷ್ಟು ಜನವಾದರೆ ಸಭೆಯನ್ನು ಎರಡಾಗಿ ಮಾಡುತ್ತಾರೆ. ಮನೆಯನ್ನು ದೊಡ್ಡದು ಮಾಡುವುದಿಲ್ಲ. ಪ್ರಾರ್ಥನೆ ಮೂರು ಗಂಟೆ. 'ಔಸ್‌ಬುಂಡ್' ಎಂಬ ಅವರ ಹಾಡಿನ ಪುಸ್ತಕದ ತಿರುಳು 1530ರ ದಶಕದಲ್ಲಿ ಪಾಸೌ ಕೋಟೆಯ ಸೆರೆಮನೆಯಲ್ಲಿದ್ದವರು ಕಟ್ಟಿದ್ದು. ಅದರಲ್ಲಿ ರಾಗದ ಗುರುತಿಲ್ಲ, ಪದ ಮಾತ್ರ. ರಾಗ ಬಾಯಿಂದ ಬಾಯಿಗೆ ಬಂದದ್ದು. ನಾಲ್ಕು ನುಡಿಯ ಒಂದು ಸ್ತುತಿಗೆ 20 ನಿಮಿಷ ಹಿಡಿಯುತ್ತದೆ. ನಾವು ದೂರದಲ್ಲಿ ಬೇಲಿಯ ಬಳಿ ನಿಂತಿದ್ದೆವು. ವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಒಂದು ಅಕ್ಷರವನ್ನು ಹಿಡಿದು ಎಳೆದು, ಇಳಿಸಿ, ಮತ್ತೆ ಎತ್ತಿ, ಎಲ್ಲರೂ ಒಂದೇ ದನಿಯಲ್ಲಿ. ನಮ್ಮ ವಿಳಂಬ ಕಾಲದ ಗಾಯನ ಕೇಳಿದ ಕಿವಿಗೆ ಅದು ಪರಕೀಯವೆನಿಸಲಿಲ್ಲ.

ಇಲ್ಲಿಯ ಪಾದ್ರಿಗಳು ಓದಿ ಪದವಿ ಪಡೆದವರಲ್ಲ, ಸಂಬಳದವರೂ ಅಲ್ಲ. ಗಂಡಸರು ಹೆಂಗಸರು ಎಲ್ಲರೂ ಹೆಸರು ಸೂಚಿಸುತ್ತಾರೆ. ಸಾಕಷ್ಟು ಮತ ಬಂದವರ ಮುಂದೆ ಹಾಡಿನ ಪುಸ್ತಕಗಳನ್ನಿಡುತ್ತಾರೆ. ಒಂದರೊಳಗೆ ಬೈಬಲಿನ ವಚನ ಬರೆದ ಚೀಟಿ. ಯಾರ ಕೈಗೆ ಅದು ಬಂತೋ ಅವರು ಬದುಕಿರುವವರೆಗೂ ಆ ಹೊಣೆ ಹೊರಬೇಕು. ಚೀಟಿ ಬಂದವರು ಹಿಗ್ಗುವುದಿಲ್ಲ. ಎಷ್ಟೋ ಸಲ ಅಳುತ್ತಾರೆ. ಅಧಿಕಾರವನ್ನು ಭಾರವೆಂದೇ ಕಾಣುವ ಈ ಪದ್ಧತಿಯ ಮುಂದೆ ನಾನು ತಲೆಬಾಗುತ್ತೇನೆ.

ಹೊರಗಿನವರು ಸಾಮಾನ್ಯವಾಗಿ ಹೇಳುವ ಮಾತು, ಆಮಿಶರು ಯಂತ್ರವಿರೋಧಿಗಳು, ಕಾಲ ನಿಲ್ಲಿಸಿದವರು ಎಂದು. ನಡೆದು ನೋಡಿದರೆ ಇದು ನಿಜವಲ್ಲವೆಂದು ತಿಳಿಯುತ್ತದೆ. ಹೇಸರಗತ್ತೆಗಳು ಎಳೆಯುವ ಹುಲ್ಲುಪಿಂಡಿ ಯಂತ್ರದ ಮೇಲೆ ಎಂಜಿನ್ ಇತ್ತು. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರು ನಿಂತಿತ್ತು, ಯಂತ್ರ ತಿರುಗಿಸುವುದಕ್ಕೆ ಮಾತ್ರ. ಹೊಲಕ್ಕೆ ಅದು ಇಳಿಯುವಂತಿಲ್ಲ. ಹೊಲಿಗೆ ಯಂತ್ರ ಒತ್ತಿದ ಗಾಳಿಯಿಂದ ನಡೆಯುತ್ತದೆ. ಹಾಲು ತಂಪಿಡುವ ತೊಟ್ಟಿಗೆ ಡೀಸೆಲ್. ಹಾಲಿನ ಕಂಪನಿಗಳು ತೊಟ್ಟಿ ಬೇಕೇ ಬೇಕೆಂದಾಗ ಹಿರಿಯರು ಒಪ್ಪಿದರು. ಆದರೆ ಭಾನುವಾರ ಹಾಲಿನ ಲಾರಿ ಬರಕೂಡದು ಎಂದು ಪಟ್ಟು ಹಿಡಿದರು. ಫೋನಿದೆ, ಮನೆಯೊಳಗಲ್ಲ. ಹೊಲದ ದಾರಿಯ ತುದಿಯಲ್ಲಿ ಒಂದು ಪುಟ್ಟ ಗೂಡು, ಅದರಲ್ಲಿ ಫೋನು, ನಾಲ್ಕಾರು ಮನೆಗೆ ಸೇರಿ. ಕಾರು ಕೊಳ್ಳುವಂತಿಲ್ಲ, ಬಾಡಿಗೆ ಕಾರಿನಲ್ಲಿ ಕೂರಬಹುದು. ಲ್ಯಾಂಕಸ್ಟರಿನ ಮಕ್ಕಳು ಸೈಕಲ್ ಹೊಡೆಯುವುದಿಲ್ಲ. ಒಂದು ಕಾಲಿಟ್ಟು ಇನ್ನೊಂದು ಕಾಲಿನಿಂದ ನೆಲ ತಳ್ಳುವ ಸ್ಕೂಟರಿನಲ್ಲಿ ಶಾಲೆಗೆ ಹೋಗುತ್ತಾರೆ. ಸೈಕಲ್ಲು ಮನೆಯಿಂದ ತೀರ ದೂರ ಒಯ್ಯುತ್ತದೆ ಎಂಬುದು ಹಿರಿಯರ ಎಣಿಕೆ.

ಇವೆಲ್ಲ ಮೊದಲು ತಾಳಮೇಳವಿಲ್ಲದ ನಿಯಮಗಳಂತೆ ಕಂಡವು. ಎರಡು ದಿನ ಅದೇ ದಾರಿಯಲ್ಲಿ ನಡೆದ ಮೇಲೆ ಒಳಗಿನ ಸೂತ್ರ ಹೊಳೆಯಿತು. ಪ್ರತಿ ವಸ್ತುವಿಗೂ ಅವರು ಕೇಳುವ ಪ್ರಶ್ನೆ ಒಂದೇ: ಇದು ಬಂದರೆ ನಾವು ಒಬ್ಬರಿಗೊಬ್ಬರು ಹತ್ತಿರವಾಗುತ್ತೇವೋ, ದೂರವಾಗುತ್ತೇವೋ? ಮನೆಯೊಳಗೆ ಫೋನು ಬಂದರೆ ಪಕ್ಕದ ಮನೆಗೆ ಹೋಗುವುದು ತಪ್ಪುತ್ತದೆ. ಹೊಲಕ್ಕೆ ಟ್ರ್ಯಾಕ್ಟರು ಬಂದರೆ ನೂರು ಎಕರೆ ಬೇಕೆನಿಸುತ್ತದೆ. ಆಗ ನೆರೆಯವನ ಹೊಲದ ಮೇಲೆ ಕಣ್ಣು. ಕಾರು ಬಂದರೆ ಮಗ ಎಲ್ಲೋ ದೂರದಲ್ಲಿ ಕೆಲಸ ಹಿಡಿಯುತ್ತಾನೆ. ಹೀಗಾಗಿ ಕುದುರೆಯೇ ಅವರ ಊರಿನ ಗಡಿ. ಕುದುರೆ ಹೋಗಿ ಸಂಜೆಗೆ ಮರಳಿ ಬರುವಷ್ಟು ದೂರದೊಳಗೆ ನೆಂಟರು, ಶಾಲೆ, ಅಂಗಡಿ, ಸ್ಮಶಾನ ಎಲ್ಲವೂ ಇರಬೇಕು. ಈ ನಿಯಮಗಳಿಗೆ 'ಓರ್ಡ್‌ನುಂಗ್' ಎಂದು ಹೆಸರು. ವರ್ಷಕ್ಕೆರಡು ಸಲ, ವಸಂತದಲ್ಲಿ ಮತ್ತು ಸುಗ್ಗಿಯ ಕಾಲದಲ್ಲಿ, ಸಭೆ ಕೂಡಿ ಎಲ್ಲರೂ ಅದಕ್ಕೆ ಮತ್ತೊಮ್ಮೆ ಒಪ್ಪಿಗೆ ಕೊಡಬೇಕು. ಮನಸ್ತಾಪ ಉಳಿದಿದ್ದರೆ, ಆ ಸಭೆಯ ನಂತರ ನಡೆಯಬೇಕಾದ ಪವಿತ್ರ ಭೋಜನವನ್ನೇ ಮುಂದಕ್ಕೆ ಹಾಕುತ್ತಾರೆ.

ಹತ್ತಿರವಿರುವುದರಿಂದ ಏನು ಸಾಧ್ಯ ಎಂಬುದಕ್ಕೆ ಒಂದು ಉದಾಹರಣೆ. ಮುಯ್ಯಾಳು ಪದ್ಧತಿ ಕಂಡ ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರ ಕೊಟ್ಟಿಗೆ ಸುಟ್ಟುಹೋದರೆ ಮಾರನೆಯ ವಾರವೇ ನೂರಾರು ಜನ ಸುತ್ತಿಗೆ ಹಿಡಿದು ಬಂದು ಒಂದೇ ಹಗಲಿನಲ್ಲಿ ಹೊಸದರ ಅಸ್ಥಿಪಂಜರ ನಿಲ್ಲಿಸುತ್ತಾರೆ. ಕೂಲಿಯಿಲ್ಲ, ಲೆಕ್ಕವಿಲ್ಲ. ವ್ಯಾಪಾರಿ ವಿಮೆಯ ಬದಲು ಅವರಿಗಿರುವುದು ಈ ಕೈಗಳು. ಇದೇ ಕೈಗಳು 1990ರಲ್ಲಿ ಸ್ಟ್ರಾಸ್‌ಬರ್ಗ್ ಬಳಿ ಒಂದು ಚಿಕಿತ್ಸಾಲಯದ ಕಟ್ಟಡವನ್ನೂ ನಿಲ್ಲಿಸಿದವು. ಮೊದಲಲ್ಲಿ ಬಂದ ಕೆಲವೇ ಕುಟುಂಬಗಳಿಂದ ಬೆಳೆದ ಜನವಾದ್ದರಿಂದ, ಹೊರಗೆ ಅಪರೂಪವಾದ ಕೆಲವು ಅನುವಂಶಿಕ ಕಾಯಿಲೆಗಳು ಅವರ ಮಕ್ಕಳಲ್ಲಿ ಹೆಚ್ಚು. ಡಾಕ್ಟರ್ ಹೋಮ್ಸ್ ಮಾರ್ಟನ್ ಎಂಬ ಮಕ್ಕಳ ವೈದ್ಯರು ಇದನ್ನು ಕಂಡು 1989ರಲ್ಲಿ ಆ ಚಿಕಿತ್ಸಾಲಯ ಆರಂಭಿಸಿದರು. ಒಳಗೆ ನವಜಾತ ಶಿಶುವಿನ ರಕ್ತದ ಸೂಕ್ಷ್ಮ ಪರೀಕ್ಷೆ, ಹೊರಗೆ ಕಂಬಕ್ಕೆ ಕಟ್ಟಿದ ಕುದುರೆ. ಮನೆಗೆ ವಿದ್ಯುತ್ ತಂತಿ ಬೇಡವೆಂದವರು ಮಕ್ಕಳನ್ನು ಉಳಿಸುವ ಈ ವಿಜ್ಞಾನಕ್ಕಾಗಿ ಹರಾಜು ನಡೆಸಿ ಹಣ ಕೂಡಿಸುತ್ತಾರೆ.

ಎಲ್ಲವೂ ಹಾಲು ಜೇನು ಎಂದು ನಾನು ಹೇಳಲಾರೆ. ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ. ಇದಕ್ಕಾಗಿ 1950ರ ದಶಕದಲ್ಲಿ ಪೆನ್ಸಿಲ್ವೇನಿಯದ ಅಪ್ಪಂದಿರು ಜೈಲಿಗೂ ಹೋದರು. ಕೊನೆಗೆ ವಿಸ್ಕಾನ್ಸಿನ್ ರಾಜ್ಯದ ಮೂವರು ತಂದೆಯರಿಗೆ ಹಾಕಿದ 5 ಡಾಲರ್ ದಂಡದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 1972ರಲ್ಲಿ ಅವರ ಪರ ತೀರ್ಪು ಬಂತು. ಹೆಣ್ಣುಮಕ್ಕಳ ಓದಿಗಾಗಿ ಹೋರಾಡಿದ ಮನೆಯಿಂದ ಬಂದ ನನಗೆ, ಹದಿನಾಲ್ಕಕ್ಕೇ ಪುಸ್ತಕ ಮುಚ್ಚುವುದು ನೋವಿನ ಸಂಗತಿ. ದೀಕ್ಷೆ ಪಡೆದ ಮೇಲೆ ಬಿಟ್ಟುಹೋದವರನ್ನು ದೂರವಿಡುತ್ತಾರೆ; ತಾಯಿಯ ಮನೆಯಲ್ಲೇ ಬೇರೆ ಮೇಜಿನಲ್ಲಿ ಉಣ್ಣಬೇಕಾದ ಮಗಳ ಪಾಡು ಸಣ್ಣದಲ್ಲ. ನೆಲದ ಬೆಲೆ ಏರಿ, ಲ್ಯಾಂಕಸ್ಟರಿನಲ್ಲಿ ಈಗ ಬೇಸಾಯವನ್ನೇ ನಂಬಿದ ಮನೆಗಳು ಅರ್ಧಕ್ಕೂ ಕಡಿಮೆ. ಉಳಿದವರು ಮರಗೆಲಸ, ಕಟ್ಟಡ ಕೆಲಸ, ಅಂಗಡಿ ಹಿಡಿದಿದ್ದಾರೆ. ಆದರೂ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು, 16 ದಾಟಿ ಒಂದಿಷ್ಟು ಕಾಲ ಹೊರಗಿನ ಗಾಳಿ ಕಂಡು, ತಾವಾಗಿಯೇ ಒಪ್ಪಿ ದೀಕ್ಷೆ ಪಡೆಯುತ್ತಾರೆ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಭಾನುವಾರ ಮಧ್ಯಾಹ್ನ ಮಗಳು ನನ್ನನ್ನು ದಕ್ಷಿಣಕ್ಕೆ, ನಿಕಲ್ ಮೈನ್ಸ್ ಎಂಬ ಕಡೆಗೆ ಕರೆದೊಯ್ದಳು. ಅಷ್ಟು ದೂರ ನಡೆಯಲಾಗದೆ ಬಾಡಿಗೆ ಕಾರು ಹಿಡಿದೆವು. 2006ರ ಅಕ್ಟೋಬರ್ 2ರಂದು ಅಲ್ಲಿದ್ದ ಒಂದು ಕೋಣೆಯ ಆಮಿಶ್ ಶಾಲೆಗೆ ಆಸುಪಾಸಿನ ಒಬ್ಬ ಬಂದೂಕು ಹಿಡಿದು ನುಗ್ಗಿ ಹತ್ತು ಬಾಲಕಿಯರ ಮೇಲೆ ಗುಂಡು ಹಾರಿಸಿದ. ಐವರು ಸತ್ತರು. ಅವನೂ ಅಲ್ಲೇ ಗುಂಡಿಟ್ಟುಕೊಂಡ. ಅದೇ ದಿನ ಸಂಜೆಯಿಂದಲೇ ಆಮಿಶ್ ನೆರೆಯವರು ಅವನ ಹೆಂಡತಿಯ, ತಂದೆತಾಯಿಯ ಬಳಿಗೆ ಹೋಗಿ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದರು. ತಮ್ಮ ಮಕ್ಕಳನ್ನು ಮಣ್ಣಿಗಿಟ್ಟ ಅದೇ ವಾರ, ಕೊಂದವನ ಶವಸಂಸ್ಕಾರಕ್ಕೂ ಹೋಗಿ ನಿಂತರು.

ಇದು ಒಂದು ದಿನದಲ್ಲಿ ಬಂದ ಶಕ್ತಿಯಲ್ಲ. ಅವರ ಮನೆಗಳಲ್ಲಿ ಹುತಾತ್ಮರ ಚರಿತ್ರೆಯ ಒಂದು ದಪ್ಪ ಪುಸ್ತಕವಿರುತ್ತದೆ, 1660ರಲ್ಲಿ ಮೊದಲು ಅಚ್ಚಾದದ್ದು. ಅದರಲ್ಲಿ ಡಿರ್ಕ್ ವಿಲ್ಲೆಮ್ಸ್ ಎಂಬ ಡಚ್ಚನ ಕಥೆ ಬರುತ್ತದೆ. 1569ರಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ. ಹಿಂದೆ ಅಟ್ಟಿಬಂದವನು ಮಂಜು ಒಡೆದು ನೀರಿಗೆ ಬಿದ್ದ. ಡಿರ್ಕ್ ತಿರುಗಿ ಬಂದು ಅವನ ಕೈ ಹಿಡಿದು ಮೇಲೆತ್ತಿದ. ಅದರಿಂದಲೇ ಮತ್ತೆ ಸಿಕ್ಕಿಬಿದ್ದು ಸುಡಲ್ಪಟ್ಟ. ಅಲ್ಲಿನ ಮಕ್ಕಳು ಈ ಕಥೆ ಕೇಳಿಯೇ ಬೆಳೆಯುತ್ತಾರೆ. ನಿಕಲ್ ಮೈನ್ಸಿನ ಆ ಶಾಲೆಯನ್ನು ಹತ್ತು ದಿನದಲ್ಲಿ ಕೆಡವಿದರು. ಮರುವರ್ಷ ಸಮೀಪದಲ್ಲೇ ಹೊಸ ಶಾಲೆ ಎದ್ದಿತು. ಹಳೆಯದಿದ್ದ ಜಾಗ ಈಗ ಹುಲ್ಲುಗಾವಲು. ಸ್ಮಾರಕದ ಮಂಟಪ ಅಲ್ಲಿಲ್ಲ. ನಾವು ಕಾರಿನಿಂದ ಇಳಿಯಲಿಲ್ಲ. ಅವರ ದುಃಖ ನಮ್ಮ ನೋಟಕ್ಕೆ ಇಟ್ಟದ್ದಲ್ಲ. ಫೋಟೊ ತೆಗೆಯುವುದನ್ನು ಅವರು ಇಷ್ಟಪಡುವುದಿಲ್ಲ. ಆ ಮೂರು ದಿನ ನಾವು ಯಾರ ಮುಖವನ್ನೂ ಚಿತ್ರಕ್ಕೆ ಸೆರೆಹಿಡಿಯಲಿಲ್ಲ.

ಸೋಮವಾರ ಬಟ್ಟೆ ಒಗೆಯುವ ದಿನ. ಬೆಳಕು ಹರಿಯುವಷ್ಟರಲ್ಲಿ ಪ್ರತಿ ಮನೆಯ ವರಾಂಡದಿಂದ ಕೊಟ್ಟಿಗೆಯ ನೆತ್ತಿಯವರೆಗೆ ರಾಟೆಯ ಮೇಲೆ ಎಳೆದ ಹಗ್ಗದಲ್ಲಿ ನೇರಳೆ, ಹಸಿರು, ನೀಲಿ, ಕಪ್ಪು ಬಟ್ಟೆಗಳು ಗಾಳಿಗೆ ಹಾರಾಡುತ್ತಿದ್ದವು. ಸ್ಟ್ರಾಸ್‌ಬರ್ಗಿಗೆ ಹೋಗಿ, 1832ರಲ್ಲಿ ಸನ್ನದು ಪಡೆದ ಅಲ್ಲಿನ ರೈಲು ಹತ್ತಿದೆವು. ಇಂದಿಗೂ ಹಬೆಯ ಎಂಜಿನ್. ಏಳು ಕಿಲೋಮೀಟರ್ ಆಚೆಯ ಪ್ಯಾರಡೈಸ್‌ಗೆ ಹೋಗಿ ಮರಳುತ್ತದೆ. ದಾರಿಯುದ್ದಕ್ಕೂ ಹೊಲ. ಒಬ್ಬ ರೈತ ಹೇಸರಗತ್ತೆಗಳನ್ನು ನಿಲ್ಲಿಸಿ ರೈಲು ಹೋಗಲು ಬಿಟ್ಟ.

ಮಧ್ಯಾಹ್ನ ಹಿಂದಿನ ದಾರಿಯಲ್ಲೇ ಮನೆಗೆ ನಡೆದು ಬರುತ್ತಿದ್ದಾಗ, ಆ್ಯಪಲ್ ಬಟರ್ ಮೇಜಿದ್ದ ಗೇಟಿನಿಂದ ಎಂಟು ಹತ್ತು ವರ್ಷದ ಹುಡುಗಿಯೊಬ್ಬಳು ಬರಿಗಾಲಲ್ಲಿ ಓಡಿ ಬಂದಳು. ಕೈಯಲ್ಲಿ ಮಡಿಸಿದ ಕಾಗದ, ಅದರೊಳಗೆ 6 ಡಾಲರ್. ಶನಿವಾರ ಸೀರೆಯುಟ್ಟವರೊಬ್ಬರು ನಡೆದುಹೋದದ್ದನ್ನು ಮನೆಯವರು ನೋಡಿದ್ದರು. ಡಬ್ಬಿಯಲ್ಲಿ ಹೆಚ್ಚು ಹಣ ಸಿಕ್ಕಾಗ ಅದು ಅವರದೇ ಇರಬೇಕೆಂದು ತೆಗೆದಿಟ್ಟಿದ್ದರು. ನಡೆದುಹೋದವರು ನಡೆದೇ ಹಿಂದಿರುಗುತ್ತಾರೆ ಎಂಬ ನಂಬಿಕೆ. ಕಾರಿನಲ್ಲಿ ಬಂದಿದ್ದರೆ ಆ ಹುಡುಗಿ ಓಡಿ ಯಾರನ್ನು ಹಿಡಿಯಬೇಕಿತ್ತು?

ಅವಳ ಹಿಂದೆಯೇ ಅಜ್ಜಿ ಬಂದರು. ನನ್ನದೇ ವಯಸ್ಸು. ನೋಟವೆಲ್ಲ ನನ್ನ ಸೀರೆಯ ಮೇಲೆ. "ಇದು ಒಂದೇ ಬಟ್ಟೆಯೇ? ಹೇಗೆ ನಿಲ್ಲುತ್ತದೆ?" ಎಂದು ಕೇಳಿದರು. ನಾನು ಹೆಗಲ ಮೇಲಿನ ಪಿನ್ನು ತೋರಿಸಿದೆ. ಅವರ ಮುಖ ಅರಳಿತು. ತಮ್ಮ ಎದೆಯ ಮೇಲಿನ ಹೊದಿಕೆಯನ್ನು, ಸೊಂಟದ ಏಪ್ರನ್ನನ್ನು ತೋರಿಸಿದರು. ಅಲ್ಲಿ ಗುಂಡಿಯಿಲ್ಲ, ಸಾಲಾಗಿ ಗುಂಡುಪಿನ್ನುಗಳು. ಇಬ್ಬರೂ ದಿನಾ ಬೆಳಗ್ಗೆ ಪಿನ್ನು ಚುಚ್ಚಿಕೊಂಡು ಹೊರಡುವವರು! ಅಲ್ಲೇ ಬೇಲಿಯ ಬಳಿ ಅರ್ಧ ಗಂಟೆ ಮಾತಾಡಿದೆವು. ತೋಟದ ತುಂಬ ಸೆಲರಿ ಸೊಪ್ಪು ಬೆಳೆದಿತ್ತು. ಈ ವರ್ಷ ಮದುವೆಯಿದೆಯೇ ಎಂದು ಮಗಳು ಕೇಳಿದಾಗ ಅವರು ನಕ್ಕರು. ಆಮಿಶ್ ಮದುವೆಯೂಟಕ್ಕೆ ಸೆಲರಿ ಬೇಕೇ ಬೇಕು. ಸುಗ್ಗಿ ಮುಗಿದ ಮೇಲೆ ಮಂಗಳವಾರ, ಗುರುವಾರಗಳಲ್ಲಿ ಮದುವೆಗಳು ನಡೆಯುತ್ತವೆ.

ಅವರಿದ್ದ ಮನೆ ಮಗನ ಮನೆಗೆ ಅಂಟಿಕೊಂಡಿತ್ತು. 'ಗ್ರೋಸ್‌ದಾದಿ ಹೌಸ್', ಅಂದರೆ ಅಜ್ಜನ ಮನೆ. ಮಗ ಹೊಲ ವಹಿಸಿಕೊಂಡಾಗ ಹಿರಿಯರು ಪಕ್ಕದ ಈ ಚಿಕ್ಕ ಮನೆಗೆ ಸರಿಯುತ್ತಾರೆ. ನಡುವೆ ಒಂದು ಬಾಗಿಲು. ಅವರು ನನ್ನನ್ನು ಕೇಳಿದರು, "ನಿಮ್ಮ ಮನೆಗೂ ಮಗಳ ಮನೆಗೂ ಎಷ್ಟು ದೂರ?" ವಿಮಾನದಲ್ಲಿ ಪೂರ್ತಿ ಒಂದು ದಿನ ಎಂದೆ. ಅವರು ಏನೂ ಹೇಳಲಿಲ್ಲ. ಮಗಳು ಮುಖ ಆಚೆಗೆ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಆ ತಾಯಿ ಹೇಳಿದರು: "ನನ್ನ ತಂಗಿಯೂ ದೂರದಲ್ಲಿದ್ದಾಳೆ, ಕೆಂಟಕಿಯಲ್ಲಿ. ಇಲ್ಲಿ ನೆಲ ಸಿಗದೆ ಹೋದರು. ಕುದುರೆ ಹೋಗುವ ದೂರವಲ್ಲ. ಅದಕ್ಕೇ ಸುತ್ತುವ ಕಾಗದ ಇಟ್ಟುಕೊಂಡಿದ್ದೇವೆ."

ಅದೇನೆಂದು ವಿವರಿಸಿದರು. ಒಡಹುಟ್ಟಿದವರು ಸೇರಿ ಒಂದು ಲಕೋಟೆ ಹೊರಡಿಸುತ್ತಾರೆ. ಅದು ಮೊದಲನೆಯವರ ಮನೆಯಿಂದ ಎರಡನೆಯವರಿಗೆ, ಅಲ್ಲಿಂದ ಮೂರನೆಯವರಿಗೆ, ಹೀಗೆ ಎಲ್ಲರ ಕಾಗದ ಹೊತ್ತು ಸುತ್ತುತ್ತದೆ. ನಿಮ್ಮ ಕೈಗೆ ಬಂದಾಗ ಎಲ್ಲರದ್ದನ್ನೂ ಓದಿ, ನಿಮ್ಮ ಹಳೆಯ ಕಾಗದ ತೆಗೆದು, ಹೊಸದು ಸೇರಿಸಿ ಮುಂದಕ್ಕೆ ಕಳಿಸಬೇಕು. ಒಬ್ಬರು ಸೋಮಾರಿಯಾದರೆ ಸುತ್ತು ನಿಲ್ಲುತ್ತದೆ. ಅದಕ್ಕೇ ಯಾರೂ ಸೋಮಾರಿಯಾಗುವುದಿಲ್ಲ.

ಮರಳುವ ರೈಲಿನಲ್ಲಿ ಮಗಳು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, "ಅಮ್ಮ, ಈ ಮೂರು ದಿನದಲ್ಲಿ ನಾವು ಆಡಿದಷ್ಟು ಮಾತು ಕಳೆದ ಹತ್ತು ವರ್ಷದಲ್ಲಿ ಆಡಿಲ್ಲ" ಅಂದಳು. ನಿಜ. ವಾರಕ್ಕೆ ಮೂರು ಸಲ ಫೋನಿನಲ್ಲಿ ಮುಖ ನೋಡುತ್ತಿದ್ದೆವು. ಊಟ ಆಯಿತಾ, ಮಳೆ ಬಂತಾ, ಮಾತ್ರೆ ನುಂಗಿದೆಯಾ, ಅಷ್ಟಕ್ಕೇ ಮುಗಿಯುತ್ತಿತ್ತು. ಪಕ್ಕಪಕ್ಕದಲ್ಲಿ ನಡೆಯುವಾಗ ಮಾತಿಗೆ ಅವಸರವಿರಲಿಲ್ಲ, ಸುಮ್ಮನಿರುವುದಕ್ಕೂ ಜಾಗವಿತ್ತು.

ನಾನು ಕುದುರೆ ಕಟ್ಟಲಾರೆ, ಮಗಳು ಹಿಂದಿರುಗಿ ಬಂದು ಪಕ್ಕದ ಮನೆ ಕಟ್ಟಲಾರಳು. ನಮ್ಮ ಬದುಕಿನ ದಾರಿಗಳು ಬೇರೆ. ಆದರೆ ಯಾವುದನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊಲದ ತುದಿಯ ಗೂಡಿನಲ್ಲಿಡಬೇಕು ಎಂದು ಕೂತು ಯೋಚಿಸುವ ಹಕ್ಕು ನಮಗೂ ಇದೆ. ಆ ಜನ ನನಗೆ ಕಲಿಸಿದ್ದು ಇಷ್ಟು.

ಊರಿಗೆ ಬಂದ ವಾರವೇ ಒಂದು ದಪ್ಪ ಲಕೋಟೆ ತಂದೆ. ನಾನು ಹಾಸನದಿಂದ ಶಿವಮೊಗ್ಗದ ತಂಗಿಗೆ, ಅವಳು ಬೆಂಗಳೂರಿನಲ್ಲಿರುವ ನನ್ನ ಮಗನಿಗೆ, ಅವನು ಫಿಲಡೆಲ್ಫಿಯದ ಅಕ್ಕನಿಗೆ, ಅವಳು ಮತ್ತೆ ನನಗೆ. ಮೊದಲ ಸುತ್ತಿಗೆ ಎರಡು ತಿಂಗಳು ಹಿಡಿಯಿತು. ಕಳೆದ ವಾರ ಮೂರನೆಯ ಸುತ್ತು ಮುಗಿಸಿ ಬಂದ ಲಕೋಟೆಯನ್ನು ಅಂಚೆಯಣ್ಣ ಕೈಗಿತ್ತರು. ಒಳಗೆ ಮಗಳು ನಾಲ್ಕು ಪುಟ ಬರೆದಿದ್ದಳು, ಕನ್ನಡದಲ್ಲಿ, ಶಾಲೆ ಬಿಟ್ಟಮೇಲೆ ಬರೆಯದೇ ಇದ್ದ ಕೈಬರಹದಲ್ಲಿ. ಕೊನೆಯ ಪುಟಕ್ಕೆ ಒಂದು ಗುಂಡುಪಿನ್ನು ಚುಚ್ಚಿತ್ತು.